ಅತ್ತೆ ಹೇಳಿದ ತಲೆನೋವು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಗೋಣಿಚೀಲದ ಉಜ್ಜಿನಪ್ಪನ ಅಂಗಡಿ ಗೊತ್ತಿಲ್ಲದವರಿಲ್ಲ. ಪ್ಲಾಸ್ಟಿಕ್ ಚೀಲದ ಕಾಟ ಇನ್ನೂ ಶುರುವಾಗಿರದ ಕಾಲ ಅದು. ಸುತ್ತಿನ ಶೇಂಗಾ, ಜೋಳ, ಹತ್ತಿಕಾಳೆಲ್ಲ ಅವನ ಚೀಲ ಹೊಕ್ಕೇ ಊರು ಬಿಡಬೇಕಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ಆ ಮನೆಯಲ್ಲಿ ಯಜಮಾನಿಕೆ ಉಜ್ಜಿನಪ್ಪನದು, ತಲೆನೋವು ಅವನ ಹೆಂಡತಿ ಗುರುಬಸಮ್ಮನದು. ಎರಡರಲ್ಲೂ ಮತ್ತೊಬ್ಬರಿಗೆ ಪಾಲಿರಲಿಲ್ಲ.

ಗುರುಬಸಮ್ಮನ ನೋವು ಹೇಳಿ ಕಳಿಸಿ ಬರುವ ಬೀಗರಂಥದು. ಮೊದಲು ಎಡಗಣ್ಣಿನ ಮುಂದೆ ಬೆಳಕು ಮಿಣಮಿಣ ಕುಣಿಯುವುದು, ಆಮೇಲೆ ಎಡಗಡೆಯ ಅರ್ಧ ತಲೆಯೊಳಗೆ ಒನಕೆ ಏಟು. ಆಗ ಮನೆಯಲ್ಲಿ ಎಲ್ಲರಿಗೂ ಅವರವರ ಕೆಲಸ ಗೊತ್ತು. ಮಗಳು ಕೊಟ್ರಮ್ಮ ರೇಡಿಯೋ ನಿಲ್ಲಿಸುವಳು, ಒಲೆಯ ಮೇಲೆ ಒಗ್ಗರಣೆ ಬೀಳುವಂತಿಲ್ಲ, ಹಳೆಯ ಚೀಲ ಒಟ್ಟುವ ಕಿಟಕಿಯಿಲ್ಲದ ಹಿಂದಿನ ಖೋಲಿಯಲ್ಲಿ ಚಾಪೆ ಬೀಳುವುದು. ಒಣಶುಂಠಿ ತೇಯ್ದು ಹಣೆಗೆ ಬಳಿದುಕೊಂಡು, ಬಟ್ಟೆ ಬಿಗಿದು ಮಲಗಿದರೆ ಒಂದು ವಾಂತಿ, ಒಂದು ನಿದ್ದೆ. ಎದ್ದು ಬಂದು, "ಮಂಡಾಳು ಒಗ್ಗರಣಿ ಮಾಡ್ರಿ, ನಾಕು ಮಿರ್ಚಿ ಕರೀರಿ" ಅಂದಳೆಂದರೆ ಮನೆಗೆ ಮತ್ತೆ ಜೀವ ಬಂದಂತೆ. ಮದುವೆಯಾದ ವರ್ಷದಿಂದ ಹೀಗೆಯೇ ನಡೆದುಕೊಂಡು ಬಂದಿತ್ತು.

ಆ ನೋವಿಗೆ ಪಾಲುದಾರಳಾಗಿ ಬಂದವಳು ಸೊಸೆ, ಮಗ ಗವಿಸಿದ್ದಪ್ಪನ ಹೆಂಡತಿ ಚನ್ನವೀರಮ್ಮ. ಸಿರುಗುಪ್ಪದವಳು. ನೀರಾವರಿ ಸೀಮೆಯಲ್ಲಿ ಅನ್ನ ಉಂಡು ಬೆಳೆದ ಹುಡುಗಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬಡಿದ ರೊಟ್ಟಿ ಒಂದು ಕಡೆ ಕಾಗದದಷ್ಟು ತೆಳ್ಳಗೆ, ಇನ್ನೊಂದು ಕಡೆ ಚಪ್ಪಲಿಯಷ್ಟು ದಪ್ಪಗೆ. "ಬರೇ ಅನ್ನ ಉಂಡು ಕೈಯಿ ಮೆತ್ತಗಾಗ್ಯಾವ ನಿನ್ನವು" ಎಂದು ಗುರುಬಸಮ್ಮ ದಿನಕ್ಕೊಮ್ಮೆಯಾದರೂ ಚುಚ್ಚದೆ ಬಿಡುತ್ತಿರಲಿಲ್ಲ. ಚನ್ನವೀರಮ್ಮ ಎದುರು ಮಾತಾಡುವವಳಲ್ಲ. ಎರಡು ವರ್ಷದಲ್ಲಿ ರೊಟ್ಟಿ ದುಂಡಗಾಯಿತು, ಆದರೆ ಅತ್ತೆ ಸೊಸೆಯರ ನಡುವಿನ ಮಾತು ಮಾತ್ರ ಉಪ್ಪು ಖಾರದ ಆಚೆ ಹೋಗಲಿಲ್ಲ.

ಆ ಯುಗಾದಿಯ ಮರುವಾರ ಚನ್ನವೀರಮ್ಮ ಒಲೆಯ ಮುಂದೆ ಹಣೆ ಹಿಡಿದುಕೊಂಡು ಕುಳಿತಳು. "ತಲಿ ಬಾಳ ನೋಯ್ತೈತ್ರಿ ಅತ್ತಿ" ಎಂದಳು.

ಗುರುಬಸಮ್ಮ ಹಿಟ್ಟಿನ ಕೈಯನ್ನೇ ಅವಳ ಹಣೆಯ ಮೇಲಿಟ್ಟಳು. ಬೇರೆ ಯಾವ ಬೇನೆಯಾಗಿದ್ದರೂ ಗೊಣಗುತ್ತಿದ್ದಳೇನೋ. ಆದರೆ ಇದು ತಲೆನೋವು. ನೋವು ತಿಂದವರಿಗೇ ಗೊತ್ತು ನೋವಿನ ಕಷ್ಟ. "ಏಳವ್ವ, ಏಳು. ರೊಟ್ಟಿ ನಾ ನೋಡ್ಕೋತೀನಿ. ಹಿಂದಿನ ಖೋಲ್ಯಾಗ ಮಲಕ್ಕೊ ಹೋಗು" ಎಂದು ತನ್ನ ಚಾಪೆ, ತನ್ನ ಶುಂಠಿ, ತನ್ನ ಹಣೆಪಟ್ಟಿಯ ಬಟ್ಟೆ ಎಲ್ಲವನ್ನೂ ಅವಳಿಗೆ ಕೊಟ್ಟಳು. ಮದುವೆಯಲ್ಲಿ ಬಂಗಾರ ಹಾಕುವಾಗಲೂ ಅಷ್ಟು ಮನಸ್ಸಿಟ್ಟು ಕೊಟ್ಟಿರಲಿಲ್ಲ.

ಊಟಕ್ಕೆ ಬಂದ ಉಜ್ಜಿನಪ್ಪ ಸುದ್ದಿ ಕೇಳಿ ನಕ್ಕ. "ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ. ನಮ್ಮ ಮನ್ಯಾಗ ಇಬ್ಬರಿಗೂ ಒಂದ ಕಾಲ ಬಂತು ನೋಡು."

"ನಗಬ್ಯಾಡ್ರಿ" ಎಂದಳು ಗುರುಬಸಮ್ಮ. "ಒಂದ ದಿನ ಬಂದ್ರ ನಿಮಗ, ಗೋಣಿಚೀಲದಾಗ ಹೊಕ್ಕೊಂಡು ಅಳ್ತಿದ್ರಿ."

ನೋವು ಹೋಗಲಿಲ್ಲ. ಎರಡು ದಿನ ಬಿಟ್ಟು ಬಂತು, ಮತ್ತೆ ಬಂತು. ಗುರುಬಸಮ್ಮ ಸೊಸೆಯನ್ನು ಓಣಿಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಗುರುಬಸಮ್ಮನ ತಲೆನೋವಿನ ಗುಳಿಗೆಗಳೂ ಅಲ್ಲಿಂದಲೇ ಬರುತ್ತಿದ್ದವು. ಚನ್ನವೀರಮ್ಮ ತಲೆತುಂಬ ಸೆರಗು ಹೊದ್ದು, ನೆಲ ನೋಡುತ್ತ ಸ್ಟೂಲಿನ ಮೇಲೆ ಕುಳಿತಳು.

"ಯಾವ ಕಡೆ ನೋವಮ್ಮಾ?" ಡಾಕ್ಟರು ಕೇಳಿದರು.

"ಎಡಗಡಿರಿ" ಎಂದಳು ಗುರುಬಸಮ್ಮ. "ಎಡಗಡಿ ಅರ್ಧ ತಲಿ."

"ವಾಂತಿ ಆಗುತ್ತಾ?"

"ಆಗತೈತ್ರಿ. ಆತಂದ್ರ ಹಗುರಾಗತೈತಿ."

"ಅತ್ತಿ..." ಎಂದು ಸೆರಗಿನೊಳಗಿಂದ ಒಂದು ಸಣ್ಣ ದನಿ ಬಂತು.

"ಸುಮ್ಮಕಿರವ್ವ, ನನಗ ಗೊತ್ತಿಲ್ಲೇನು?" ಎಂದು ಗುರುಬಸಮ್ಮ ಅವಳ ಬೆನ್ನು ಸವರಿದಳು. "ಬೆಳಕು ಕಂಡ್ರ ಆಗಂಗಿಲ್ರಿ ಡಾಕ್ಟ್ರ. ಕತ್ತಲ್ಯಾಗ ಮಲಗಿ ಒಂದು ನಿದ್ದಿ ಹತ್ತಿದ್ರ ಸಾಕು, ಹೋಗೇ ಬಿಡತೈತಿ."

ಡಾಕ್ಟರು ನಕ್ಕರು. "ಇದು ನಿಮ್ಮ ತಲೆನೋವೇ ಅಲ್ಲವೇನಮ್ಮಾ! ಅರೆತಲೆನೋವು." ಅವಳಿಗೆ ಬರೆದುಕೊಡುವ ಗುಳಿಗೆಯನ್ನೇ ಸೊಸೆಗೂ ಬರೆದುಕೊಟ್ಟರು. ದಾರಿಯಲ್ಲಿ ಗುರುಬಸಮ್ಮ ಮಲ್ಲಿಗೆ ಹೂ ಕೊಂಡು ಸೊಸೆಗೆ ಮುಡಿಸಿದಳು. ಆ ದಿನ ಅವಳಿಗೆ ಒಳಗೊಳಗೇ ಸಂತೋಷವಾಗಿತ್ತು. ಇಷ್ಟು ವರ್ಷ ತಾನೊಬ್ಬಳೇ ಅನುಭವಿಸಿದ್ದು ಇನ್ನೊಬ್ಬಳಿಗೂ ತಿಳಿಯಿತಲ್ಲ ಎಂಬ ಸಂತೋಷ.

ಬಿಸಿಲು ಏರಿತು. ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ಆಡಿಕೊಳ್ಳುವುದು ಸುಳ್ಳಲ್ಲ. ಬಿಸಿಲಿಗೆ ಹೀಗಾಗಿದೆ ಎಂದರು ಒಬ್ಬರು. ಪಿತ್ತ ಎಂದರು ಇನ್ನೊಬ್ಬರು. ಗುಳಿಗೆ ನುಂಗಿದರೂ ಚನ್ನವೀರಮ್ಮ ದಿನಾ ಬೆಳಗ್ಗೆ ಬಚ್ಚಲಲ್ಲಿ ಬಗ್ಗಿ ನಿಲ್ಲುವಳು. ಬಸುರಿಯೇನೋ ಎಂದು ಒಂದು ವಾರ ಎಲ್ಲರೂ ಮುಖ ಅರಳಿಸಿದರು. ಅದೂ ಅಲ್ಲವೆಂದು ಗೊತ್ತಾಯಿತು.

ಅಷ್ಟರಲ್ಲಿ ಕುರುಗೋಡಿನಿಂದ ಗುರುಬಸಮ್ಮನ ಅಕ್ಕ ಹಂಪಕ್ಕ ಬಂದಿಳಿದಳು. ಕೊಟ್ರಮ್ಮನಿಗೆ ಒಂದು ಗಂಡು ಗೊತ್ತು ಮಾಡಿಕೊಂಡು ಬಂದಿದ್ದಳು. ಕುರುಗೋಡಿನವರೇ, ತೋಟ ಗದ್ದೆ ಇದ್ದವರು, ಹುಡುಗ ಸಾಲಿ ಮಾಸ್ತರ. ಮನೆಯವರು ಹೆಣ್ಣು ನೋಡಲು ಬರುವ ಸೋಮವಾರವನ್ನೂ ಗೊತ್ತು ಮಾಡಿಯೇ ಬಂದಿದ್ದಳು. ಹಂಪಕ್ಕನ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಬಂದ ಮರುದಿನವೇ ತಂಗಿಯನ್ನು ಪಡಸಾಲೆಗೆ ಕರೆದಳು.

"ಲೇ ಗುರುಬಸಿ, ಇಕಿಗೆ ಹೊತ್ತು ಏರಿದ ಮ್ಯಾಲ ನೋವು ಕಡಿಮಿ. ಸಂಜಿಮುಂದ ಇನ್ನೂ ಕಡಿಮಿ. ರೊಟ್ಟಿ ಬಡಿಯೋ ಹೊತ್ತಿಗೇ ನೋವು ಬರತೈತಿ ಅಂದ್ರ ಏನರ್ಥ?"

"ಏನಕ್ಕ?"

"ಮೈಗಳ್ಳತನ. ಅನ್ನದ ಸೀಮಿಯಾಕಿ. ನಮ್ಮೂರಾಗ ಚುಟಿಗಿ ಹಾಕಾಂವ ಒಬ್ಬ ಅದಾನ. ಕಾಸಿದ ಕಬ್ಬಿಣ ಹಣಿಗೆ ಒಮ್ಮೆ ಮುಟ್ಟಿಸಿದ್ರ ನೋವೂ ಹೋಗತೈತಿ, ಕಳ್ಳಾಟಾನೂ ಹೋಗತೈತಿ."

"ನನ್ನ ಸೊಸಿ ಹಣಿ ಸುಡಾಕ ನಾ ಕೊಡಂಗಿಲ್ಲ" ಎಂದು ಗುರುಬಸಮ್ಮ ಎದ್ದುಬಿಟ್ಟಳು. "ತಲಿನೋವು ಅಂದ್ರ ಏನಂತ ನಿನಗ ಗೊತ್ತಿಲ್ಲಕ್ಕ." ಸಿಟ್ಟಿನಲ್ಲಿ ಅವಳಿಗೂ ತಲೆ ಸಿಡಿಯತೊಡಗಿತು. ಡಬ್ಬಿಯಿಂದ ಗುಳಿಗೆ ತೆಗೆದು ನೀರಿಲ್ಲದೆ ನುಂಗಿದಳು. ಇತ್ತೀಚೆಗೆ ಆ ಡಬ್ಬಿ ಅವಳ ಸೊಂಟದ ಸಂಚಿಯಲ್ಲೇ ಇರುತ್ತಿತ್ತು, ಎಲೆಯಡಿಕೆಯ ಜೊತೆಗೆ.

ಆದರೆ ಅಕ್ಕನ ಒಂದು ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ತನ್ನ ನೋವಿಗೆ ಬೆಳಗು ಬೈಗು ಎಂಬ ಭೇದವಿರಲಿಲ್ಲವಲ್ಲ?

ಮರುದಿನ ಬೆಳಗ್ಗೆ ಗುರುಬಸಮ್ಮ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಹಂಪಕ್ಕನ ಮಾತು ಕಿವಿಗೆ ಬಿದ್ದಿತ್ತೋ ಏನೋ, ಚನ್ನವೀರಮ್ಮ ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿದ್ದಳು. ರೊಟ್ಟಿ ಬಡಿದಳು, ದುಂಡಗೇ ಬಂತು. ಎರಡೂ ಅಂಗೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕಹೋದಳು. ರೊಟ್ಟಿ ಹಂಚಿನ ಮೇಲೆ ಬೀಳಲಿಲ್ಲ. ಅರ್ಧ ಒಲೆಯ ಕಟ್ಟೆಗೆ, ಅರ್ಧ ಬೂದಿಗೆ ಬಿತ್ತು.

ಸೊಸೆ ಹೆದರಿ ತಿರುಗಿ ನೋಡಿದಳು. ಗುರುಬಸಮ್ಮ ಬೈಯಲಿಲ್ಲ. "ಯಾಕವ್ವ?" ಎಂದಷ್ಟೇ ಕೇಳಿದಳು.

"ಹಂಚು ಎರಡು ಕಾಣ್ತಾವ್ರಿ ಅತ್ತಿ. ಯಾವುದು ಖರೇದು ಅಂತ ತಿಳೀವಲ್ದು."

ಗುರುಬಸಮ್ಮ ಅಲ್ಲೇ ನೆಲಕ್ಕೆ ಕುಳಿತಳು. "ಎಡಗಡಿ ನೋವು ಎದ್ದೈತೇನು?"

"ಎಡಗಡಿ ಅಲ್ರಿ. ತಲಿತುಂಬ. ಹಿಂದ, ಮುಂದ, ಎಲ್ಲಾ ಕಡಿ."

"ಮತ್ತ ವಾಂತಿ ಆದ ಮ್ಯಾಲ..."

"ಹಗುರ ಆಗಂಗಿಲ್ರಿ."

"ನಿದ್ದಿ ಮಾಡಿದ್ರ?"

ಚನ್ನವೀರಮ್ಮ ಕೈಗೆ ಮೆತ್ತಿದ ಹಿಟ್ಟು ಉಜ್ಜಿ ತೆಗೆದಳು. "ನಿದ್ದಿಯಾಗಿಂದನ ಎಬ್ಬಸತೈತ್ರಿ ಅತ್ತಿ. ಮಲಗಿದ್ರ ಹೆಚ್ಚಾಗತೈತಿ. ಎದ್ದು ಕುಂತ್ರ ವಾಸಿ. ನೀವು ಆ ಖೋಲ್ಯಾಗ ಮಲಗಿಸಿದಾಗ ತಲಿ ಒಡೆದು ಹೋಗತೈತೇನೋ ಅನಸ್ತಿತ್ತು."

"ಮತ್ತ ಬಾಯಿ ಬಿಡಬಾರದೇನ ಹುಚ್ಚಿ? ಡಾಕ್ಟ್ರ ಮುಂದರೆ ಹೇಳಬಾರದೇನು?"

"ನೀವು ಹೇಳಾಕತ್ತಿದ್ರಿ. ದೊಡ್ಡವರು ಮಾತಾಡುವಾಗ ನಾ ಹೆಂಗ ಬಾಯಿ ಹಾಕ್ಲಿ? ಮತ್ತ ನೀವು ಅಷ್ಟು ಪ್ರೀತಿಲೆ ಮಾಡಾಕತ್ತಿದ್ರಿ. ರೊಟ್ಟಿ ಬಿಡಿಸಿದ್ರಿ, ಹೂವು ಮುಡಿಸಿದ್ರಿ. ಇದು ನಿಮ್ಮ ನೋವಲ್ಲ ಅಂದ್ರ ಎಲ್ಲಿ ಬ್ಯಾಸರ ಮಾಡ್ಕೋತೀರೋ ಅಂತ ಸುಮ್ಮಕಾದೆ."

ಮನೆಗೇ ಬೆಂಕಿ ಬಿದ್ದಿದ್ದರೂ ಗುರುಬಸಮ್ಮ ಅಷ್ಟು ಬೆಚ್ಚುತ್ತಿರಲಿಲ್ಲ. ತಾನು ಡಾಕ್ಟರ ಮುಂದೆ ಹೇಳಿದ್ದೆಲ್ಲ ತನ್ನದೇ ತಲೆನೋವು. ಗುಳಿಗೆ ಕೊಟ್ಟದ್ದು ತನ್ನ ನೋವಿಗೆ, ನುಂಗಿದವಳು ಸೊಸೆ. ಬೂದಿಯಲ್ಲಿ ಬಿದ್ದ ರೊಟ್ಟಿಯನ್ನು ಎತ್ತಿಕೊಂಡು ಅವಳು ಸುಮ್ಮನೆ ಝಾಡಿಸುತ್ತ ಕುಳಿತಳು.

ಆ ದಿನವೇ ಮಗ ಗವಿಸಿದ್ದಪ್ಪನನ್ನು ಅಂಗಡಿಯಿಂದ ಎಬ್ಬಿಸಿ, ಸೊಸೆಯನ್ನು ಟಾಂಗಾ ಹತ್ತಿಸಿ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದಳು. ಚಸ್ಮಾ ಬರೆದುಕೊಟ್ಟಾರು ಎಂದುಕೊಂಡು ಹೋದವನು ಮಧ್ಯಾಹ್ನ ಮುಖ ಕಪ್ಪಿಟ್ಟುಕೊಂಡು ಬಂದ.

"ಕಣ್ಣು ಚಲೋ ಅದಾವಂತವ್ವ. ಕಣ್ಣಿನ ಹಿಂದಿನ ನರ ಬಾತೈತಂತ. ತಲಿ ಒಳಗ ಏನೋ ಒತ್ತಾಕತ್ತೈತಿ, ಲಗೂನ ಮದ್ರಾಸಿಗೆ ಹೋಗಿ ತಲಿ ಡಾಕ್ಟರಿಗೆ ತೋರಸ್ರಿ ಅಂದ್ರು. ತಡ ಮಾಡಿದ್ರ ಕಣ್ಣು ಹೋಗತಾವ, ಹೋದ ಕಣ್ಣು ತಿರುಗಿ ಬರಂಗಿಲ್ಲ ಅಂದ್ರು."

ಉಜ್ಜಿನಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. "ತಲಿ ಡಾಕ್ಟರಾ? ಹುಚ್ಚರಿಗೆ ನೋಡಾವ್ರು?"

"ಹುಚ್ಚರಿಗಲ್ಲಪ್ಪ, ಮೆದುಳಿಗೆ, ನರಕ್ಕ..."

"ನಿನಗ ತಿಳೀತೈತಿ, ನನಗ ತಿಳೀತೈತಿ. ಪೇಟಿಯವರಿಗೆ ತಿಳೀತೈತೇನಲೇ? ಉಜ್ಜಿನಪ್ಪನ ಸೊಸಿನ್ನ ತಲಿ ಡಾಕ್ಟರ ಹತ್ರ ಒಯ್ದರಂತ ಅಂದ್ರ ಸಾಕು, ಸಂಜಿ ಅನ್ನೋದ್ರಾಗ ಕುರುಗೋಡು ಮುಟ್ಟಿರತೈತಿ. ಸೋಮವಾರ ಅವರು ಬರೋರು ಅದಾರ. ಅದೊಂದು ಮುಗೀಲಿ. ಮಾತು ಗಟ್ಟಿಯಾಗಿ ಎಲಿಯಡಿಕಿ ಹಂಚಿದ ಮ್ಯಾಲ ಎಲ್ಲಿಗೆ ಬೇಕಾದ್ರೂ ಹೋಗ್ರಿ."

ಹಂಪಕ್ಕ ತಲೆಯಾಡಿಸಿದಳು. "ಹುಚ್ಚು ಬಿಡದ ಹೊರತು ಮದುವಿ ಆಗಂಗಿಲ್ಲ ಅಂತಾರ. ಹುಚ್ಚಿನ ಹೆಸರು ಬಂದ್ರೂ ಆಗಂಗಿಲ್ಲ ಗುರುಬಸಿ. ತಡಿ ಸ್ವಲ್ಪ."

ಗವಿಸಿದ್ದಪ್ಪ ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಆ ಮನೆಯಲ್ಲಿ ಯಜಮಾನನ ಮಾತಿನ ಮೇಲೆ ಮಾತು ಎದ್ದದ್ದಿಲ್ಲ. ಗುರುಬಸಮ್ಮನೂ ಸುಮ್ಮನಾದಳು. ಒಂದು ಕಡೆ ಹೆತ್ತ ಮಗಳು, ಇನ್ನೊಂದು ಕಡೆ ಸೊಸೆಯ ಕಣ್ಣು. ಯಾವ ತಾಯಿಗಾದರೂ ನಾಲಿಗೆ ಕಟ್ಟೀತು. ಸೋಮವಾರಕ್ಕೆ ಬಹಳ ದಿನವೇನೂ ಇರಲಿಲ್ಲ, ಆದರೆ ಆ ದಿನಗಳಲ್ಲಿ ಅವಳು ಸೊಸೆಯನ್ನು ಮಲಗಗೊಡಲಿಲ್ಲ. ಗೋಡೆಗೆ ದಿಂಬು ಒಟ್ಟಿ, ಒರಗಿಸಿ ಕೂರಿಸಿದಳು.

ಸೋಮವಾರ ಕುರುಗೋಡಿನವರು ಬಂದರು. ಹುಡುಗನ ತಾಯಿ ಗತ್ತಿನ ಹೆಂಗಸು, ಕಂಬಕ್ಕೆ ಒರಗಿ ಕುಳಿತು ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಕೊಟ್ರಮ್ಮ ಉಪ್ಪಿಟ್ಟು, ಶಿರಾ ತಂದಿಟ್ಟು ಕೈಮುಗಿದಳು. ಎಲ್ಲರಿಗೂ ಹುಡುಗಿ ಮನಸ್ಸಿಗೆ ಬಂದಂತಿತ್ತು. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಆ ಹೆಂಗಸು ಕೇಳಿದಳು: "ಸೊಸಿ ಅದಾಳ ಅಂದಿದ್ರಿ. ಕಾಣ್ಲಿಲ್ಲಲ್ರಿ?"

"ಸಿರುಗುಪ್ಪಕ್ಕ ಹೋಗ್ಯಾಳ್ರಿ, ತವರಿಗೆ" ಎಂದ ಉಜ್ಜಿನಪ್ಪ.

ಅದೇ ಹೊತ್ತಿಗೆ ಹಿಂದಿನ ಖೋಲಿಯಲ್ಲಿ ತಂಬಿಗೆ ಉರುಳಿದ ಸದ್ದಾಯಿತು. ಗುರುಬಸಮ್ಮ ಓಡಿ ಹೋಗಿ ನೋಡಿದರೆ ಚನ್ನವೀರಮ್ಮ ಗೋಡೆ ತಡಕುತ್ತ ನಿಂತಿದ್ದಳು. "ಎದ್ದ ಕೂಡ್ಲೆ ಎಲ್ಲಾ ಕತ್ತಲಾತ್ರಿ ಅತ್ತಿ" ಎಂದು ಪಿಸುಗುಟ್ಟಿದಳು. "ಬಂತು, ಈಗ ಬಂತು. ಸ್ವಲ್ಪ ಸ್ವಲ್ಪ ಕಾಣಾಕತ್ತೈತಿ. ನೀವು ಹೋಗ್ರಿ, ಬೀಗರು ಕುಂತಾರ."

ಗುರುಬಸಮ್ಮ ಹೋದಳು. ಪಡಸಾಲೆಯ ನಡುವೆ ನಿಂತಳು.

"ತವರಿಗೆ ಹೋಗಿಲ್ರಿ ನಮ್ಮ ಸೊಸಿ. ಒಳಗ ಅದಾಳ. ತಲಿಯಾಗ ಏನೋ ಬೆಳದೈತಿ, ಕಣ್ಣು ಹೋಗಾಕತ್ತಾವ. ಇವತ್ತ ಸಂಜಿ ರೈಲಿಗೆ ಗುಂತಕಲ್ಲಿಗೆ ಹೋಗಿ, ಅಲ್ಲಿಂದ ಮದ್ರಾಸಿಗೆ ತಲಿ ಡಾಕ್ಟರ ಹತ್ರ ಕರ್ಕೊಂಡು ಹೊಂಟೀನಿ. ಕಾಲು ನೊಂದ್ರ ಕಾಲಿಗೆ ತೋರಸ್ತೀವಿ, ತಲಿ ನೊಂದ್ರ ತಲಿಗೆ ತೋರಸಬೇಕು. ಮುಚ್ಚಿಟ್ಟು ಹೆಣ್ಣು ಕೊಡೋದು ನನ್ನ ಕೈಲಿ ಆಗಂಗಿಲ್ರಿ."

ಉಜ್ಜಿನಪ್ಪನ ಮುಖ ಹಾಲು ಒಡೆದಂತಾಯಿತು. ಹಂಪಕ್ಕ ಹಣೆ ಚಚ್ಚಿಕೊಂಡಳು. ಕುರುಗೋಡಿನವರು ಚಹಾ ಕುಡಿದರು, ಶಿರಾ ಮುಟ್ಟಲಿಲ್ಲ. "ಹೇಳಿ ಕಳಸ್ತೀವ್ರಿ" ಎಂದು ಎದ್ದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಗುರುಬಸಮ್ಮ ಮಗಳ ಮುಖ ನೋಡಲಾರದೆ ನಿಂತಳು. ಕೊಟ್ರಮ್ಮನ ಕಣ್ಣಲ್ಲಿ ನೀರಿತ್ತು. ಆದರೆ ಮುಟ್ಟದೆ ಉಳಿದ ಶಿರಾದ ತಟ್ಟೆ ಎತ್ತಿಕೊಂಡು, "ಅತ್ತಿಗಿ ಮುಂಜಾನಿಂದ ಏನೂ ತಿಂದಿಲ್ಲ, ಕೊಟ್ಟು ಬರ್ತೀನಿ" ಎಂದು ಒಳಗೆ ಹೋದಳು. ಗವಿಸಿದ್ದಪ್ಪ ಯಾರನ್ನೂ ಕೇಳದೆ ಟ್ರಂಕು ಕೆಳಗಿಳಿಸಿದ.

ಮದ್ರಾಸಿನ ಆಸ್ಪತ್ರೆಯಲ್ಲಿ ಬೆಳ್ಳಗೆ ಕೂದಲಾದ ಡಾಕ್ಟರೊಬ್ಬರು ತೆಲುಗಿನಲ್ಲಿ ಮಾತಾಡಿದರು. ಬಳ್ಳಾರಿಯವರಿಗೆ ತೆಲುಗು ಏನು ಹೊಸದೇ? ಗುರುಬಸಮ್ಮನಿಗೆ ಹೋದ ಜೀವ ಬಂದಂತಾಯಿತು.

"ಎಕ್ಕಡ ನೊಪ್ಪಿ ಅಮ್ಮಾ?" ಎಲ್ಲಿ ನೋವು ಎಂದು ಕೇಳಿದರು.

ಗುರುಬಸಮ್ಮನ ನಾಲಿಗೆ ತುದಿಗೆ ಉತ್ತರ ಬಂದೇಬಿಟ್ಟಿತ್ತು. ಹಳೇ ಚಟ. ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡಳು. ಚನ್ನವೀರಮ್ಮ ರೂಢಿಯಂತೆ ಅತ್ತೆಯ ಕಡೆ ನೋಡಿದಳು.

"ನನ್ನ ಯಾಕ ನೋಡ್ತಿ?" ಎಂದಳು ಗುರುಬಸಮ್ಮ, ಸೆರಗು ತೆಗೆದು. "ಆವತ್ತು ನಿನ್ನ ನೋವು ನಾ ಹೇಳಿ ಕೆಡಿಸಿದೆ. ನಿನ್ನದು ನೀನ ಹೇಳವ್ವ. ಮಾವ ಇಲ್ಲ, ಪೇಟಿಯವರಿಲ್ಲ. ಬಾಯಿ ತುಂಬ ಹೇಳು." ಅಂದವಳೇ ಮತ್ತೆ ಸೆರಗು ಕಚ್ಚಿಕೊಂಡಳು.

ಚನ್ನವೀರಮ್ಮ ಹೇಳಿದಳು. ಮೊದಲು ಒಂದೊಂದೇ ಮಾತು, ಆಮೇಲೆ ತಡೆಯಿಲ್ಲದೆ. ಕೆಮ್ಮಿದರೆ ತಲೆ ಸೀಳುವುದು, ಬಗ್ಗಿ ಎದ್ದರೆ ಕಣ್ಣಿಗೆ ಕಪ್ಪುಪರದೆ ಬೀಳುವುದು, ಅಂಗಡಿಯ ಬೋರ್ಡು ಎರಡೆರಡಾಗಿ ಕಾಣುವುದು, ಮೊದಲು ಇಂಥ ನೋವು ಎಂದೂ ಇರಲಿಲ್ಲವೆನ್ನುವುದು. ಎರಡು ವರ್ಷದಲ್ಲಿ ಸೊಸೆ ಇಷ್ಟು ಮಾತಾಡಿದ್ದನ್ನು ಗುರುಬಸಮ್ಮ ಕೇಳಿರಲಿಲ್ಲ. ಕೇಳುತ್ತ ಕೇಳುತ್ತ ಅವಳಿಗೆ ಅಳು ಬಂತು. ಬಾಯಲ್ಲಿ ಬಟ್ಟೆ ಇದ್ದದ್ದು ಒಳ್ಳೆಯದೇ ಆಯಿತು.

ಮೆದುಳಿನ ಹೊದಿಕೆಗೆ ಅಂಟಿಕೊಂಡು ಒಂದು ಗಂಟು ಬೆಳೆದಿತ್ತು. ಕೆಟ್ಟ ಗಂಟಲ್ಲ. ತೆಗೆದರು. ಹೆಣ್ಣುಮಗಳ ಅಷ್ಟುದ್ದ ಜಡೆ ಹೋಯಿತು, ಕಣ್ಣು ಉಳಿಯಿತು. ಊರಿಗೆ ಹೊರಡುವ ದಿನ ಆ ಡಾಕ್ಟರು ಗುರುಬಸಮ್ಮನಿಗೆ ಹೇಳಿದರು: "ತಲೆನೋವು ಎಲ್ಲರಿಗೂ ಬರುತ್ತಮ್ಮಾ. ಹೊಸದಾಗಿ ಬಂದು ದಿನದಿನಕ್ಕೆ ಏರುತ್ತಿದ್ದರೆ, ಕಣ್ಣು ಮಂಜಾದರೆ, ನಿದ್ದೆಯಿಂದ ಎಬ್ಬಿಸಿದರೆ ಕಾಯಬೇಡಿ. ಹಳೆಯ ನೋವೇ ಆದರೂ ದಾರಿ ಬದಲಿಸಿದರೆ ತೋರಿಸಿ." ಗುರುಬಸಮ್ಮ ಸೊಸೆಯ ಪರವಾಗಿ ತಲೆಯಾಡಿಸಿದಳು.

ಕುರುಗೋಡಿನಿಂದ ಯಾರೂ ಹೇಳಿ ಕಳಿಸಲಿಲ್ಲ. ಪೇಟೆಯಲ್ಲಿ ಒಂದಷ್ಟು ದಿನ ಮಾತು ಹರಿದಾಡಿತು, ಆಮೇಲೆ ಬೇರೆ ಮನೆಯ ಮಾತು ಸಿಕ್ಕಿತು. ಉಜ್ಜಿನಪ್ಪ ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಸೊಸೆ ಮನೆಗೆ ಬಂದ ದಿನ, ಬಂದವಳು ಹೊಸ್ತಿಲು ಎಡವದೆ ದಾಟಿದ್ದನ್ನು ನೋಡಿ ಅಂಗಡಿಗೆ ಹೋಗಿ ಕುಳಿತುಬಿಟ್ಟ. ಸಂಜೆಗೆ ಒಂದು ಪೊಟ್ಟಣ ಮಿರ್ಚಿ ತಂದು ಹೆಂಡತಿಯ ಮುಂದಿಟ್ಟ. ಅವನಿಗೆ ಬರುತ್ತಿದ್ದ ಕ್ಷಮೆಯ ಮಾತು ಅಷ್ಟೇ. ದೀಪಾವಳಿಯ ಹೊತ್ತಿಗೆ ಕೊಟ್ರಮ್ಮನಿಗೆ ಕೊಳಗಲ್ಲಿನ ಕಡೆಯಿಂದ ಒಂದು ಸಂಬಂಧದ ಮಾತು ಬಂದಿತ್ತು, ಇನ್ನೂ ಗಟ್ಟಿಯಾಗಿರಲಿಲ್ಲ.

ಆ ದಿನಗಳ ಒಂದು ಮಧ್ಯಾಹ್ನ ಗುರುಬಸಮ್ಮ ಹಿಂದಿನ ಖೋಲಿಯ ಕತ್ತಲೆಯಲ್ಲಿ ಮಲಗಿದ್ದಳು. ಚನ್ನವೀರಮ್ಮ ಶುಂಠಿ ತೇಯ್ದುಕೊಂಡು ಬಂದಳು. ಸೆರಗಿನೊಳಗೆ ಅವಳ ಕೂದಲು ಹೊಸ ಹುಲ್ಲಿನಂತೆ ಚಿಗುರಿತ್ತು. ಶುಂಠಿ ಹಚ್ಚಲು ಕೈ ಚಾಚಿದವಳು ತಡೆದು ಕೇಳಿದಳು:

"ಎಲ್ಲಿ ನೋಯ್ತೈತ್ರಿ ಅತ್ತಿ?"

ಗುರುಬಸಮ್ಮ ಕತ್ತಲೆಯಲ್ಲೇ ಕಣ್ಣು ತೆರೆದಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳಿಗೆ ಈ ಪ್ರಶ್ನೆ ಕೇಳಿರಲಿಲ್ಲ. ರೇಡಿಯೋ ನಿಲ್ಲಿಸುತ್ತಿದ್ದರು, ಚಾಪೆ ಹಾಸುತ್ತಿದ್ದರು, ಅಷ್ಟೆ.

"ಇದೇನು ಹೊಸಾದು ಕೇಳ್ತಿ? ನಂದು ಎಲ್ಲರಿಗೂ ಗೊತ್ತಿದ್ದದ್ದ."

"ಮೊದಲು ತಿಂಗಳಿಗೊಮ್ಮೆ ಮಲಗ್ತಿದ್ರಿ. ಈಗ ದಿನಾ ಮಲಗ್ತೀರಿ. ಗುಳಿಗಿ ಡಬ್ಬಿ ಹಬ್ಬಕ್ಕ ತಂದದ್ದು ಹಬ್ಬ ಮುಗಿಯೋದ್ರಾಗ ಖಾಲಿ. ದಾರಿ ಬದಲಿಸಿದ್ರ ತೋರಸ್ರಿ ಅಂದ್ರಲ್ಲ ಮದ್ರಾಸಿನ ಡಾಕ್ಟ್ರು? ನಾ ಜೋಡಿ ಬರ್ತೀನಿ. ಬಾಯಿ ಮಾತ್ರ ಬಿಡಂಗಿಲ್ಲ. ನಿಮ್ಮದು ನೀವ ಹೇಳ್ರಿ."

ಗುರುಬಸಮ್ಮನಿಗೆ ನಗು ಬಂತು. ನಕ್ಕರೆ ತಲೆ ಕುಟ್ಟಿತು. "ಹೇಳಾಕ ಏನೈತವ್ವ ಅದ್ರಾಗ? ಎಡಗಡಿ..." ಎಂದಳು.

ಹೇಳುತ್ತಲೇ ನೋವಿದ್ದಲ್ಲಿಗೆ ಕೈ ಒಯ್ದಳು. ಕೈ ಎಡಗಡೆಗೆ ಹೋಗಲಿಲ್ಲ. ನೆತ್ತಿಗೆ ಹೋಯಿತು, ಅಲ್ಲಿಂದ ಹಿಂದಲೆಗೆ, ಕತ್ತಿಗೆ. ಎಡಗಡೆ ನೋಯುವುದು ಯಾವಾಗ ನಿಂತಿತೋ ಅವಳಿಗೇ ನೆನಪಿರಲಿಲ್ಲ.

"ಇರು" ಎಂದು ಎದ್ದು ಕುಳಿತಳು. "ಸರಿಯಾಗಿ ನೋಡ್ಕೊಂಡು ಹೇಳ್ತೀನಿ."